ಸಂತ ಜೋಸೆಫ್ ವಾಜ್ ಅವರಿಂದ ಕಾಫಿ ಸೀಮೆಯ ಕ್ರೈಸ್ತರು ಏನು ಕಲಿಯಬಹುದು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಒಂದು ಧರ್ಮಕೇಂದ್ರದಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತೇನೆ. ನಮ್ಮ ತಾತ ಕರಾವಳಿಯಿಂದ ಘಟ್ಟ ಹತ್ತಿ ಬಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಮನೆಯಲ್ಲಿ ಇಂದಿಗೂ ಕೊಂಕಣಿ, ಹೊರಗೆ ಕನ್ನಡ. ಜನವರಿ 16ರ ಸಂತ ಜೋಸೆಫ್ ವಾಜ್ ಅವರ ಹಬ್ಬಕ್ಕೆ ಮಕ್ಕಳನ್ನು ಸಿದ್ಧಗೊಳಿಸುತ್ತಿದ್ದಾಗ ಒಬ್ಬ ಹುಡುಗ, "ಮುನ್ನೂರು ವರ್ಷದ ಹಿಂದೆ ಸಿಲೋನಿಗೆ ಹೋದ ಗುರುವಿನಿಂದ ನಮಗೇನು? ನಾವು ಮಿಷನರಿಗಳಲ್ಲ. ಈಗಂತೂ ಆ ಪದ ಕೇಳಿದರೆ ಜನ ಅನುಮಾನದಿಂದ ನೋಡುತ್ತಾರೆ" ಎಂದ. ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಏನು ಹೇಳಲಿ?

ಉತ್ತರ: ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಒರಟಾಗಿ ಕೇಳಿಸಿದರೂ ಪ್ರಾಮಾಣಿಕವಾದದ್ದು. ಅದಕ್ಕೆ ಪವಾಡಗಳ ಪಟ್ಟಿಯೊಂದನ್ನು ಉತ್ತರವಾಗಿ ಕೊಟ್ಟರೆ ಅವನು ಸುಮ್ಮನಾಗುತ್ತಾನೆ, ಆದರೆ ಇನ್ನೊಮ್ಮೆ ಕೇಳುವುದಿಲ್ಲ. ಧರ್ಮಸಭೆಯ ಚರಿತ್ರೆಯನ್ನು ಬಹುಕಾಲ ಓದಿಸಿದವನಾಗಿ ನನ್ನ ಅನುಭವ ಹೇಳುವುದಾದರೆ, ಸಂತರ ಬದುಕನ್ನು ನಾವು ಮಕ್ಕಳ ಮುಂದಿಡುವ ರೀತಿಯಲ್ಲೇ ದೋಷವಿದೆ; ಅವರು ಹುಟ್ಟಿದ ಊರು, ಪಟ್ಟ ಕಷ್ಟ, ಸತ್ತ ದಿನ, ಸಂತ ಪದವಿ ಪಡೆದ ವರ್ಷ ಇವಿಷ್ಟನ್ನು ಹೇಳಿ, ಅವರು ಯಾರ ಬಳಿಗೆ, ಯಾಕಾಗಿ, ಯಾವ ವೇಷದಲ್ಲಿ ಹೋದರು ಎಂಬುದನ್ನು ಬಿಟ್ಟುಬಿಡುತ್ತೇವೆ. ಜೋಸೆಫ್ ವಾಜ್ ಅವರ ವಿಷಯದಲ್ಲಿ ಈ ಮೂರು ಸಂಗತಿಗಳೇ ಎಲ್ಲವೂ ಆಗಿವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕ್ರೈಸ್ತರೇ ಇಲ್ಲದ ನಾಡೊಂದನ್ನು ಕ್ರೈಸ್ತ ನಾಡನ್ನಾಗಿ ಮಾಡಲು ವಾಜ್ ಲಂಕೆಗೆ ಹೋದರೆಂದು ಅನೇಕರು ಭಾವಿಸಿದ್ದಾರೆ. ನಡೆದದ್ದು ಹಾಗಲ್ಲ. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಲಂಕೆಯ ಕರಾವಳಿಯಿಂದ ಸಂಪೂರ್ಣವಾಗಿ ಹೊರಹಾಕಿದ್ದರು. ಅವರೂ ಕ್ರೈಸ್ತರೇ, ಆದರೆ ಪೋಪರನ್ನು ಒಪ್ಪದ ಪ್ರೊಟೆಸ್ಟಂಟರಾದ ಕ್ಯಾಲ್ವಿನ್ ಪಂಥದವರು. ಕಥೋಲಿಕ ಗುರುಗಳನ್ನು ಓಡಿಸಿ, ದೇವಾಲಯಗಳನ್ನು ವಶಪಡಿಸಿಕೊಂಡು, ಬಲಿಪೂಜೆಯನ್ನು (ಮಾಸ್) ನಿಷೇಧಿಸಿದರು. ಸುಮಾರು ಮೂವತ್ತು ವರ್ಷಗಳ ಕಾಲ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವವರಿಗೆ ಕೊನೆಯ ಅಭ್ಯಂಗವಿಲ್ಲದೆ ಬದುಕಿದರು. ಒಂದು ತಲೆಮಾರು ಬಲಿಪೂಜೆಯನ್ನೇ ಕಾಣದೆ ದೊಡ್ಡದಾಯಿತು. ಗೋವಾದಲ್ಲಿದ್ದ ವಾಜ್ ಅವರ ಕಿವಿಗೆ ಬಿದ್ದದ್ದು ಈ ಸುದ್ದಿ. ಅವರನ್ನು ಅಲ್ಲಿಗೆ ಎಳೆದದ್ದು ಕೈಬಿಟ್ಟುಹೋದ ತಮ್ಮವರ ಒಂಟಿತನ. ಇದನ್ನು ನಿಮ್ಮ ಹುಡುಗನಿಗೆ ಮೊದಲೇ ಸ್ಪಷ್ಟಪಡಿಸಿ, ಏಕೆಂದರೆ ಮುಂದೆ ನಾನು ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಲಂಕೆಗಿಂತ ಮುಂಚಿನ ಅವರ ಬದುಕಿನ ಒಂದು ಭಾಗ ನಮ್ಮ ನೆಲಕ್ಕೇ ಸೇರಿದ್ದು. 1651ರ ಏಪ್ರಿಲ್ 21ರಂದು ಗೋವಾದ ಬೆಣಾವಲಿಯಲ್ಲಿ ಹುಟ್ಟಿ, 1676ರಲ್ಲಿ ಗುರುದೀಕ್ಷೆ ಪಡೆದ ಅವರನ್ನು 1681ರಲ್ಲಿ ಕೆನರಾ ಸೀಮೆಗೆ ಕಳುಹಿಸಲಾಯಿತು. ಆಗ ಆ ಸೀಮೆ ಕೆಳದಿಯ ಅರಸರದು, ಪಟ್ಟದಲ್ಲಿದ್ದವರು ರಾಣಿ ಚೆನ್ನಮ್ಮಾಜಿ. ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿಗಳಲ್ಲಿ ಅವರು 1684ರವರೆಗೆ ಓಡಾಡಿದರು. ಇಂದು ಚಿಕ್ಕಮಗಳೂರು, ಸಕಲೇಶಪುರಗಳ ಎಷ್ಟೋ ಕೊಂಕಣಿ ಕಥೋಲಿಕ ಮನೆತನಗಳು ತಮ್ಮ ಮೂಲವನ್ನು ಇದೇ ಊರುಗಳ ಸುತ್ತಮುತ್ತ ಗುರುತಿಸಿಕೊಳ್ಳುತ್ತವೆ. ಚಾರ್ಮಾಡಿ ಇಳಿದು ಮುಡಿಪುವಿನ ಅವರ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗುವವರು ನಿಮ್ಮ ಧರ್ಮಕೇಂದ್ರದಲ್ಲೂ ಇರಬಹುದು.

ಆ ಮೂರು ವರ್ಷಗಳಲ್ಲಿ ಅವರಿಗೆ ಎದುರಾದದ್ದು ಹೊರಗಿನವರ ಹಿಂಸೆಗಿಂತ ಒಳಗಿನವರ ಜಗಳ. ಗುರುಗಳನ್ನು ನೇಮಿಸಲು ಪೋರ್ಚುಗಲ್ ದೊರೆಗಿದ್ದ ಹಕ್ಕಿನಡಿ ಗೋವಾದಿಂದ ನೇಮಕವಾದವರು ಒಂದು ಕಡೆ. ರೋಮಿನ ಧರ್ಮಪ್ರಚಾರ ಪರಿಷತ್ತಿನಿಂದ ನೇಮಕವಾಗಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಗುರು ಕೊಟ್ಟ ಸಂಸ್ಕಾರ ಸರಿ, ಯಾರದು ತಪ್ಪು ಎಂಬುದರಲ್ಲಿ ಊರೂರೇ ಒಡೆದು ಹೋಗಿತ್ತು. ವಾಜ್ ಗೋವಾದ ಕಡೆಯಿಂದ ಬಂದವರು, ಆ ಪಕ್ಷದ ಅಧಿಕಾರ ಅವರ ಕೈಯಲ್ಲಿತ್ತು. ಆದರೂ ಅವರು ಧರ್ಮಾಧ್ಯಕ್ಷರನ್ನು ಖುದ್ದಾಗಿ ಕಂಡು ಮಾತನಾಡಿ, ಈ ವ್ಯಾಜ್ಯ ತೀರುವವರೆಗೆ ಜನರ ಸಂಸ್ಕಾರಗಳು ನಿಲ್ಲದಂತೆ ನೋಡಿಕೊಳ್ಳುವ ದಾರಿ ಹುಡುಕಿದರು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಬಲಿಪೂಜೆ ಕೊಂಕಣಿಯಲ್ಲೋ ಕನ್ನಡದಲ್ಲೋ ತಮಿಳಿನಲ್ಲೋ ಎಂಬ ವಿಚಾರಕ್ಕೆ ಮುಖ ತಿರುಗಿಸಿಕೊಂಡು ಕೂರುವ ಮನೆಗಳಿರುವುದು ನಿಮಗೂ ತಿಳಿದದ್ದೇ. ಭಾಷೆಯ ಅಭಿಮಾನ ತಪ್ಪಲ್ಲ. ನನಗೂ ಅದು ಬಲವಾಗಿಯೇ ಇದೆ. ಆದರೆ ಆ ಜಗಳದ ನಡುವೆ ಯಾವ ಅಜ್ಜಿಗೆ ಪರಮಪ್ರಸಾದ ತಪ್ಪಿತು ಎಂದು ಯಾರೂ ಕೇಳದಿದ್ದರೆ, ಗೆದ್ದವರೂ ಸೋತಂತೆಯೇ.

ಇನ್ನು ಲಂಕೆಯ ಪಯಣ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ನೀವೂ ತರಗತಿಯಲ್ಲಿ ನಿಧಾನಿಸಬೇಕು.

1685ರಲ್ಲಿ ಗೋವಾದ ಒರಟೋರಿಯೊ ಗುರುಮಂಡಲಿಯನ್ನು ಸೇರಿದ ವಾಜ್, ಮರುವರ್ಷ ಜಾನ್ ಎಂಬ ಸಹಾಯಕನೊಡನೆ ಹೊರಟು, 1687ರಲ್ಲಿ ಜಾಫ್ನಾದ ತೀರವನ್ನು ಮುಟ್ಟಿದರು. ಗುರುವಿನ ನಿಲುವಂಗಿ ಇರಲಿಲ್ಲ. ಕೂಲಿಯವನಂತೆ, ಭಿಕ್ಷುಕನಂತೆ ಮೈಮೇಲೆ ಒಂದು ತುಂಡು ಬಟ್ಟೆ. ದಾರಿಯಲ್ಲೇ ಹಿಡಿದ ಆಮಶಂಕೆಯಿಂದ ನಿಲ್ಲಲೂ ಶಕ್ತಿಯಿಲ್ಲದೆ ಬಿದ್ದಿದ್ದ ಅವರಿಗೆ ಅಲ್ಲಿನ ಹೆಂಗಸೊಬ್ಬಳು ಗಂಜಿ ತಂದುಕೊಟ್ಟು ಬದುಕಿಸಿದಳೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಚೇತರಿಸಿಕೊಂಡ ಮೇಲೆ ಅವರ ಮುಂದಿದ್ದ ಪ್ರಶ್ನೆ ಇದು: ಊರಿನಲ್ಲಿ ಕಥೋಲಿಕರು ಯಾರೆಂದು ಕೇಳುವಂತಿಲ್ಲ, ಕೇಳಿದರೆ ಡಚ್ಚರಿಗೆ ತಿಳಿಯುತ್ತದೆ, ಸಿಕ್ಕಿಬೀಳುವವರು ಆ ಜನರೇ. ಹಾಗಾದರೆ ಅವರನ್ನು ಗುರುತಿಸುವುದು ಹೇಗೆ? ವಾಜ್ ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಕೊರಳಿಗೆ ಜಪಸರವನ್ನು ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಬಾಗಿಲಿಗೆ ಬಂದವರು ಅನ್ನ ಹಾಕುವಾಗ ಅವರ ಕಣ್ಣು ಜಪಸರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದರು. ಒಂದು ಮನೆಯವರು ಆ ಭಿಕ್ಷುಕನ ಜಪಸರವನ್ನು ಗುರುತಿಸಿದ ದಿನ, ತಾನು ಗುರು ಎಂದು ಅವರು ಮೆಲ್ಲಗೆ ಬಾಯಿಬಿಟ್ಟರು. ಆಮೇಲೆ ಸಿಲ್ಲಾಲೆ ಎಂಬ ಹಳ್ಳಿಯಲ್ಲಿ ನೆಲೆ ನಿಂತು ರಾತ್ರಿಗಳಲ್ಲಿ ಬಲಿಪೂಜೆ ಅರ್ಪಿಸತೊಡಗಿದರು.

ಈ ದೃಶ್ಯದಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ಅವರು ಯಾರನ್ನೂ 'ನೀನು ಯಾರು' ಎಂದು ಕೇಳಲಿಲ್ಲ. ತಾನು ಯಾರೆಂಬುದರ ಗುರುತನ್ನು ಕೊರಳಲ್ಲಿಟ್ಟುಕೊಂಡು, ಅದನ್ನು ಗುರುತಿಸುವ ಸ್ವಾತಂತ್ರ್ಯವನ್ನು ಎದುರಿನವರಿಗೆ ಬಿಟ್ಟರು. ಎರಡನೆಯದು ನನಗೆ ಇನ್ನೂ ಆಳವಾದದ್ದಾಗಿ ಕಾಣುತ್ತದೆ. ಅವರು ಆ ಜನರ ಮುಂದೆ ಕೊಡುವವನಾಗಿ ನಿಲ್ಲಲಿಲ್ಲ, ಬೇಡುವವನಾಗಿ ನಿಂತರು. ನಮಗೆ ಮಿಷನ್ ಎಂದರೆ ಆಸ್ಪತ್ರೆ, ಶಾಲೆ, ಕಂಬಳಿ, ಅಕ್ಕಿ ಎಂಬ ಚಿತ್ರ ಮನಸ್ಸಿನಲ್ಲಿ ಬೇರೂರಿದೆ, ಅಂದರೆ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ವಾಜ್ ಅವರ ಮಿಷನ್ ಆರಂಭವಾದದ್ದು ಬಡವರ ಮನೆಯ ಗಂಜಿಯಿಂದ. ಅವರ ಹಿಂದೆ ಹಡಗಿರಲಿಲ್ಲ, ದಂಡಿರಲಿಲ್ಲ, ಯಾವ ದೊರೆಯ ಹಣವೂ ಇರಲಿಲ್ಲ. ಏಷ್ಯಾದ ಒಬ್ಬ ಗುರು ಏಷ್ಯಾದ ಇನ್ನೊಂದು ನಾಡಿಗೆ ಹೀಗೆ ಖಾಲಿ ಕೈಯಲ್ಲಿ ಹೋದದ್ದು, ಕ್ರೈಸ್ತ ಧರ್ಮವೆಂದರೆ ಪರಕೀಯ ಆಳ್ವಿಕೆಯ ಬೆನ್ನಿಗೆ ಬಂದದ್ದು ಮಾತ್ರ ಎನ್ನುವವರಿಗೂ, ಹಾಗೆಂದು ಒಳಗೊಳಗೇ ನಾಚುವ ನಮ್ಮ ಹುಡುಗರಿಗೂ ತಿಳಿದಿರಬೇಕಾದ ಚರಿತ್ರೆ.

ಈಗ ನಿಮ್ಮ ಊರಿಗೆ ಬರುತ್ತೇನೆ. ಮೂಡಿಗೆರೆ, ಸಕಲೇಶಪುರ, ಬೇಲೂರು, ಬಾಳೆಹೊನ್ನೂರು, ಕೊಪ್ಪದ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಕಾರರ ಸಾಲು ಮನೆಗಳಲ್ಲಿ, ಇಂದು ಇರುವವರು ಯಾರು? ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಅಲ್ಲಿ ಕೇಳಿಸುತ್ತಿದ್ದ ತುಳು, ತಮಿಳು, ಕನ್ನಡಗಳ ಜಾಗದಲ್ಲಿ ಈಗ ಅಸ್ಸಾಂ, ಜಾರ್ಖಂಡ್, ಒಡಿಶಾ, ಬಂಗಾಳಗಳ ಮಾತು ಕೇಳಿಸುತ್ತದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ತಮ್ಮ ಮೂಲ ಸರ್ನಾ ಆಚರಣೆಯನ್ನು ಉಳಿಸಿಕೊಂಡ ಆದಿವಾಸಿಗಳಿದ್ದಾರೆ, ಕ್ರೈಸ್ತರೂ ಇದ್ದಾರೆ. ಛೋಟಾನಾಗಪುರದ ಉರಾಂವ್ ಮತ್ತು ಮುಂಡಾ ಜನರ ನಡುವೆ 1845ರಲ್ಲಿ ಲೂಥರನ್ ಮಿಷನರಿಗಳೂ, 1885ರಿಂದ ಬೆಲ್ಜಿಯಂನ ಜೆಸ್ವಿತ್ ಗುರು ಕಾನ್‌ಸ್ಟಂಟ್ ಲೀವೆನ್ಸ್ ಅವರೂ ಕೆಲಸ ಮಾಡಿದ್ದರಿಂದ ಆ ಭಾಗದಲ್ಲಿ ಹಲವು ತಲೆಮಾರುಗಳ ಕ್ರೈಸ್ತ ಕುಟುಂಬಗಳಿವೆ. ಆ ಕುಟುಂಬಗಳ ಮೊಮ್ಮಕ್ಕಳಲ್ಲಿ ಕೆಲವರು ಈಗ ನಮ್ಮ ತೋಟಗಳಲ್ಲಿ ಹಣ್ಣು ಕೀಳುತ್ತಿದ್ದಾರೆ. ಜಾಫ್ನಾದ ಆ ಕಥೋಲಿಕರಿಗೆ ಡಚ್ಚರ ಕಾವಲಿತ್ತು. ಇವರಿಗೆ ಯಾವ ಕಾವಲೂ ಇಲ್ಲ, ದೇವಾಲಯದ ಬಾಗಿಲು ತೆರೆದೇ ಇದೆ, ಆದರೂ ಇವರು ಗುರುಗಳಿಲ್ಲದ ಜನರಂತೆಯೇ ಬದುಕುತ್ತಿದ್ದಾರೆ.

ಇದನ್ನು ನಾನು ದೂರದಿಂದ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಒಂದು ದೇವಾಲಯದಲ್ಲಿ ಕ್ರಿಸ್‌ಮಸ್ ಬೆಳಗಿನ ಪೂಜೆಗೆ ಹೋಗಿದ್ದಾಗ, ಕೊನೆಯ ಬೆಂಚಿನ ಹಿಂದೆ, ಗೋಡೆಗೆ ಒರಗಿಕೊಂಡು ನಿಂತಿದ್ದ ಒಂದು ಕುಟುಂಬವನ್ನು ಕಂಡೆ. ಗಂಡ, ಹೆಂಡತಿ, ಹೆಗಲ ಮೇಲೊಂದು ಮಗು. ಹೆಂಗಸಿನ ಕೊರಳಲ್ಲಿ ಪ್ಲಾಸ್ಟಿಕ್ ಮಣಿಯ ಜಪಸರವಿತ್ತು. ಪರಮಪ್ರಸಾದದ ಸಾಲಿಗೆ ಅವರು ಬರಲಿಲ್ಲ. ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಹೊರಟುಹೋದರು. ಆಮೇಲೆ ಅಂಗಳದಲ್ಲಿ ನಾವೆಲ್ಲ ಕೇಕು, ಕಾಫಿ ಹಂಚಿಕೊಳ್ಳುತ್ತಿದ್ದಾಗ ಅವರು ಯಾರೆಂದು ಕೇಳಿದೆ, ಯಾರಿಗೂ ತಿಳಿದಿರಲಿಲ್ಲ. ಆ ಜಪಸರ ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಎದ್ದು ಹೋಗಲಿಲ್ಲ. ಜಾಫ್ನಾದ ಆ ಮನೆಯವರು ಗುರುತಿಸಿದ್ದನ್ನು ನಾನು ಗುರುತಿಸದೆ ಕುಳಿತೆ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಘಟ್ಟ ಹತ್ತಿ ಬಂದ ನಿಮ್ಮ ತಾತನ ಕಾಲದವರೂ ಒಂದಾನೊಂದು ಭಾನುವಾರ ಯಾವುದೋ ದೇವಾಲಯದ ಕೊನೆಯ ಬೆಂಚಿನ ಹಿಂದೆ ಹಾಗೆಯೇ ನಿಂತಿದ್ದಿರಬೇಕು.

ಭಾಷೆ ಬಾರದು ಎಂಬುದು ನಮ್ಮ ನೆಪ. ವಾಜ್ ಈ ನೆಪವನ್ನು ಹೇಗೆ ನಿವಾರಿಸಿದರೆಂದು ಕೇಳಿ. ಡಚ್ಚರ ಕಣ್ಣು ತಪ್ಪಿಸಿ 1690ರಲ್ಲಿ ಪುತ್ತಲಂಗೂ, 1692ರಲ್ಲಿ ಕ್ಯಾಂಡಿಗೂ ಹೋದ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ದೂರಿ ಸೆರೆಯಲ್ಲಿಡಲಾಯಿತು. ಆ ಸೆರೆವಾಸದಲ್ಲಿ ಅವರು ಸಿಂಹಳ ಕಲಿತರು. ತಮಿಳನ್ನು ಆಗಲೇ ಕಲಿತಿದ್ದರು. ಮನೆಮಾತು ಕೊಂಕಣಿಯಾಗಿದ್ದ ಅವರು ಆ ಎರಡು ಭಾಷೆಗಳಲ್ಲೇ ಪ್ರಾರ್ಥನೆ, ಉಪದೇಶ, ಪಾಪನಿವೇದನೆಗಳನ್ನು ನಡೆಸಿದರು. 1705ರಲ್ಲಿ ಅವರನ್ನು ಸೇರಿಕೊಂಡ ಜಾಕೋಮೆ ಗೊನ್ಸಾಲ್ವೆಸ್ ಎಂಬ ಇನ್ನೊಬ್ಬ ಗೋವಾದ ಗುರು ಸಿಂಹಳದಲ್ಲಿ ಬರೆದ ಗ್ರಂಥಗಳು ಆ ಭಾಷೆಯ ಕಥೋಲಿಕ ಸಾಹಿತ್ಯಕ್ಕೆ ತಳಹದಿಯಾದವು. ನಮ್ಮಲ್ಲೂ 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಹಾಗಿರುವಾಗ ನಿಮ್ಮ ತರಗತಿಯ ಮಕ್ಕಳು ಜಾರ್ಖಂಡಿನವರ ಸಂಪರ್ಕ ಭಾಷೆಯಾದ ಸಾದ್ರಿಯಲ್ಲಿ 'ಪರಲೋಕ ಮಂತ್ರ'ವನ್ನು ಕಲಿಯುವುದು ಅಸಾಧ್ಯವೇನಲ್ಲ. ಉರಾಂವ್ ಜನರ ಮಾತಾದ ಕುಡುಖ್ ಭಾಷೆಯಂತೂ ಕನ್ನಡದಂತೆಯೇ ದ್ರಾವಿಡ ಕುಲದ್ದು; ಸಾವಿರ ಮೈಲಿ ದಾಟಿ ಬಂದ ಅವರು ಮಾತಿನ ಮಟ್ಟಿಗೆ ನಮ್ಮ ದೂರದ ನೆಂಟರು ಎಂದು ಮಕ್ಕಳಿಗೆ ಹೇಳಿ ನೋಡಿ, ಅವರ ಕಣ್ಣು ಅರಳುತ್ತದೆ.

ನಿಮ್ಮ ಹುಡುಗನ ಪ್ರಶ್ನೆಯಲ್ಲಿ ಮುಳ್ಳಿನಂತೆ ಇದ್ದ ಮಾತು ಅನುಮಾನದ್ದು. ಅದನ್ನು ತಪ್ಪಿಸಿಕೊಂಡು ಹೋಗಬಾರದು. ಅದಕ್ಕೆ ವಾಜ್ ಅವರ ಬದುಕಿನಲ್ಲೇ ಉತ್ತರವಿದೆ. ಕ್ಯಾಂಡಿಯ ಅರಸ ಎರಡನೆಯ ವಿಮಲಧರ್ಮಸೂರ್ಯ ವಾಜ್ ಅವರನ್ನು ಸೆರೆಗೆ ಹಾಕಿದವನೂ ಹೌದು, ಆಮೇಲೆ ಅವರನ್ನು ರಕ್ಷಿಸಿದವನೂ ಹೌದು. ಬರಗಾಲದಲ್ಲಿ ಅರಸನ ಕೋರಿಕೆಯಂತೆ ವಾಜ್ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬ ಕಥೆಯನ್ನು ಮಕ್ಕಳಿಗೆ ಧಾರಾಳವಾಗಿ ಹೇಳಿ. ಆದರೆ ಅದರ ಜೊತೆಗೆ ಇದನ್ನೂ ಹೇಳಿ: ಆ ಅರಸ ಕ್ರೈಸ್ತನಾಗಲಿಲ್ಲ. ಅವನು ನಿಷ್ಠಾವಂತ ಬೌದ್ಧ. ಲಂಕೆಯಲ್ಲಿ ಕ್ಷೀಣಿಸಿದ್ದ ಭಿಕ್ಷುಗಳ ಉಪಸಂಪದಾ ಎಂಬ ಪೂರ್ಣ ದೀಕ್ಷೆಯನ್ನು ಮತ್ತೆ ಸ್ಥಾಪಿಸಲು ಬರ್ಮಾ ಕಡೆಯ ಅರಕಾನಿನಿಂದ ಭಿಕ್ಷುಗಳನ್ನು ಕರೆಸಿದವನು ಅವನೇ. ಕ್ರೈಸ್ತರಾದ ಡಚ್ಚರು ಬೇಟೆಯಾಡಿದ ಗುರುವಿಗೆ ಬೌದ್ಧ ಅರಸ ನೆರಳು ಕೊಟ್ಟ. ವಾಜ್ ಆ ನೆರಳನ್ನು ಕೃತಜ್ಞತೆಯಿಂದ ಸ್ವೀಕರಿಸಿದರು. ಅರಸನ ಧರ್ಮಶ್ರದ್ಧೆ ತನ್ನ ಕೆಲಸಕ್ಕೆ ಅಡ್ಡಿಯೆಂದು ಎಣಿಸಲಿಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಉಳ್ಳವರೂ ನಗರ ಬಿಟ್ಟರು. ರೋಗ ತಗುಲಿದವರನ್ನು ಮನೆಯವರೇ ಕಾಡಿಗೆ ಒಯ್ದು ಬಿಟ್ಟುಬರತೊಡಗಿದರು. ವಾಜ್ ಮತ್ತು ಗೋವಾದಿಂದ ಬಂದು ಸೇರಿದ್ದ ಅವರ ಸೋದರಳಿಯ ಗುರು ಜೋಸೆಫ್ ಕಾರ್ವಾಲೊ ಆ ರೋಗಿಗಳ ಬಳಿಗೆ ಹೋದರು. ಗುಡಿಸಲು ಕಟ್ಟಿ ಮಲಗಿಸಿದರು, ಕೀವು ತೊಳೆದರು, ಗಂಜಿ ಉಣಿಸಿದರು, ಸತ್ತವರನ್ನು ಹೂಳಿದರು. ಅವರಲ್ಲಿ ಹೆಚ್ಚಿನವರು ಬೌದ್ಧರು. ಯಾರಿಗೂ ಯಾವ ಷರತ್ತನ್ನೂ ವಿಧಿಸಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರಿನಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಧರ್ಮವನ್ನು ಹರಡುವಾಗ ಒತ್ತಾಯದ ಛಾಯೆಯಿರುವ, ಅಥವಾ ಬಡವರ ಮತ್ತು ತಿಳಿವಳಿಕೆ ಕಡಿಮೆಯಿರುವವರ ಅಸಹಾಯಕತೆಯನ್ನು ಬಳಸಿಕೊಳ್ಳುವ ಯಾವ ಕ್ರಮವೂ ಕೂಡದು ಎಂಬ ಬೋಧನೆಯಿದೆ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಸಾರ ಮಾಡುವ ಹಕ್ಕನ್ನು ಕೊಡುತ್ತದೆ; ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ವ್ಯಾಖ್ಯಾನಿಸಿತು. ಆ ತೀರ್ಪಿನ ಬಗ್ಗೆ ನಮ್ಮವರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಸಿಡುಬಿನ ಗುಡಿಸಲಿನಲ್ಲಿ ಕುಳಿತ ವಾಜ್ ಅವರ ಕೈ ಮಾಡಿದ ಕೆಲಸವನ್ನು ಯಾವ ಕಾನೂನೂ ತಡೆಯುವುದಿಲ್ಲ ಎಂದು ನಿಮ್ಮ ಹುಡುಗನಿಗೆ ಧೈರ್ಯವಾಗಿ ಹೇಳಬಹುದು.

ಸಿಡುಬಿನ ಮಾತು ಬಂದಾಗ ಹಾಸನದವರಿಗೆ ಇನ್ನೊಬ್ಬ ಮಿಷನರಿಯ ನೆನಪು ಬರಬೇಕು. ಸಂತರಲ್ಲ ಅವರು, ಆದರೆ ವಾಜ್ ಅವರ ಪಕ್ಕದಲ್ಲಿಟ್ಟು ನೋಡಿದರೆ ಬಹಳ ಕಲಿಸುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರನ್ನು ಜನ 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟರು. ಸಿಡುಬಿನ ಲಸಿಕೆಯನ್ನು ಈ ಸೀಮೆಯ ಜನರಿಗೆ ಹಾಕಿಸುವುದರಲ್ಲಿ ದುಡಿದರು. ಇಷ್ಟು ದೊಡ್ಡ ಸೇವೆ ಮಾಡಿಯೂ 1823ರಲ್ಲಿ ಅವರು ಈ ದೇಶ ಬಿಟ್ಟದ್ದು ನಿರಾಶರಾಗಿ. ಇಲ್ಲಿನ ಜನರನ್ನು ಕ್ರೈಸ್ತರನ್ನಾಗಿಸುವುದು ಅಸಾಧ್ಯವೆಂದು ಅದೇ ವರ್ಷ ಬರೆದು ಪ್ರಕಟಿಸಿದರು. ಆ ನಿರಾಶೆಯನ್ನು ನಾನು ಹಗುರವಾಗಿ ಕಾಣಲಾರೆ, ಅದರ ಹಿಂದೆ ಮೂರು ದಶಕಗಳ ದುಡಿಮೆಯಿತ್ತು. ಆದರೂ ಅವರ ಅಳತೆಗೋಲು ಎಣಿಕೆಯದಾಗಿತ್ತು ಎಂದೇ ನನಗೆ ಅನಿಸುತ್ತದೆ. ಎಣಿಸುತ್ತ ಕುಳಿತವರಿಗೆ ತಾವು ಬದುಕಿಸಿದ ಜೀವಗಳು ಕಾಣದೆ ಹೋಗುವ ಅಪಾಯವಿದೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆಯನ್ನು ನಡೆಸಿಕೊಂಡು ಬಂದ ಪ್ರೊಟೆಸ್ಟಂಟ್ ಬಂಧುಗಳನ್ನೂ ಇಲ್ಲಿ ನೆನೆಯಬೇಕು. ಆ ಬಾಗಿಲಲ್ಲಿ ಹೆರಿಗೆಗೆ ಬಂದ ತಾಯಂದಿರು ಎಲ್ಲ ಜಾತಿ ಮತಗಳಿಗೂ ಸೇರಿದವರು.

ವಾಜ್ ಅವರಿಂದ ಎಲ್ಲವನ್ನೂ ಹಾಗೆಹಾಗೆಯೇ ತೆಗೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅವರು ಸೇರಿದ ಗೋವಾದ ಗುರುಮಂಡಲಿ ಬ್ರಾಹ್ಮಣ ಮೂಲದ ಕ್ರೈಸ್ತರದು; ಜಾತಿಯ ಗೆರೆ ಜ್ಞಾನಸ್ನಾನದ ನೀರಿನಲ್ಲೂ ಅಳಿಸಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೂಲಿಯ ವೇಷದಲ್ಲಿ ಹಡಗು ಇಳಿದಾಗ ಅವರು ಸ್ವತಃ ಆ ಗೆರೆಯನ್ನು ದಾಟಿದರು, ಆದರೆ ಅವರ ಸಂಸ್ಥೆ ದಾಟಲಿಲ್ಲ. ನಮ್ಮ ಸಮುದಾಯದಲ್ಲಿ ಇಂದಿಗೂ ಮದುವೆಯ ಮಾತುಕತೆಯಲ್ಲಿ ಮೂಲ ಕೆದಕುವವರಿದ್ದಾರೆ, ಲೈನ್ ಮನೆಯವರು ಪಕ್ಕದಲ್ಲಿ ಕುಳಿತರೆ ಸರಿದು ಕೂರುವವರಿದ್ದಾರೆ. ಹಾಗಾಗಿ ಈ ಭಾಗವನ್ನು ಮುಚ್ಚಿಡದೆ ಮಕ್ಕಳಿಗೆ ಹೇಳಿ. ಸಂತರನ್ನು ಅವರ ಕಾಲದೊಳಗಿಟ್ಟು ನೋಡುವುದರಿಂದ ಅವರ ಘನತೆ ಕುಂದುವುದಿಲ್ಲ.

ಇನ್ನೊಂದು ಸಂಗತಿಯನ್ನು ನಿಮ್ಮಂಥ ಉಪದೇಶಿಗಳಿಗಾಗಿಯೇ ಬರೆಯುತ್ತೇನೆ. ಸುಮಾರು ಒಂಬತ್ತು ವರ್ಷ ಇಡೀ ಲಂಕೆಗೆ ವಾಜ್ ಒಬ್ಬರೇ ಗುರು. ಒಬ್ಬ ಮನುಷ್ಯ ಎಷ್ಟು ಊರು ಸುತ್ತಿಯಾನು? ಅವರು ಪ್ರತಿ ಊರಿನಲ್ಲೂ ಮುಪ್ಪು, ಅಣ್ಣಾವಿ ಎಂದು ಕರೆಯಲಾಗುತ್ತಿದ್ದ ಗೃಹಸ್ಥ ಮುಖಂಡರನ್ನು ನಿಲ್ಲಿಸಿದರು. ಭಾನುವಾರದ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಕಲಿಸುವುದು, ರೋಗಿಗಳ ಮಗ್ಗುಲಲ್ಲಿ ಕೂರುವುದು ಇವರ ಹೊಣೆಯಾಯಿತು. ಲಂಕೆಗೆ ಅವರನ್ನೇ ಧರ್ಮಾಧ್ಯಕ್ಷರನ್ನಾಗಿ ಮಾಡುವ ಪ್ರಸ್ತಾಪ ಬಂದಾಗ ಬೇಡವೆಂದರು. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ತೀರಿಕೊಂಡ ಮೇಲೂ, ಡಚ್ಚರ ಆಳ್ವಿಕೆ ಮುಗಿಯುವವರೆಗಿನ ದೀರ್ಘಕಾಲ ಆ ಸಭೆ ಉಳಿದದ್ದು ಗೋವಾದಿಂದ ಬಂದ ಬೆರಳೆಣಿಕೆಯ ಗುರುಗಳೊಡನೆ ಈ ಗೃಹಸ್ಥರ ಹೆಗಲಿನ ಮೇಲೆ. 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಜ್ ಅವರಿಗೆ ಸಂತ ಪದವಿ ನೀಡಿದಾಗ ಅಲ್ಲಿ ನೆರೆದಿದ್ದವರಲ್ಲಿ ಆ ಅಣ್ಣಾವಿಗಳ ಮೊಮ್ಮಕ್ಕಳ ಮೊಮ್ಮಕ್ಕಳೂ ಇದ್ದಿರಬೇಕು.

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವನ್ನು ನಿಮ್ಮ ಮಕ್ಕಳು ನೋಡಿಯೇ ಇರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ತಲೆಯೆತ್ತುತ್ತದೆ. ಫೋಟೊ ತೆಗೆಯಲು ದೂರದೂರದಿಂದ ಬರುತ್ತಾರೆ. ಅಲ್ಲಿ ಪೂಜೆಗೆ ಸೇರುತ್ತಿದ್ದ ಜನ ಏನಾದರು ಎಂದು ಕೇಳುವವರು ಕಡಿಮೆ. ಅವರು ಅಣೆಕಟ್ಟಿನಿಂದ ಊರು ಬಿಟ್ಟು, ಹೊಸ ನೆಲೆಗಳಲ್ಲಿ ಮನೆ ಕಟ್ಟಿ, ಮತ್ತೆ ಭಾನುವಾರ ಒಟ್ಟು ಸೇರಿದರು. ಮುಂದಿನ ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಗೋಡೆಗಳನ್ನು ತೋರಿಸಿದ ಮೇಲೆ ಆ ಮನೆಗಳಲ್ಲೊಂದಕ್ಕೂ ಕರೆದೊಯ್ಯಿರಿ.

ಈಗ ಹಬ್ಬದ ವಿಚಾರ. ಜನವರಿ 16 ಎಂದರೆ ಕಾಫಿ ಕೊಯ್ಲಿನ ನಡು. ಅರೇಬಿಕಾ ಮುಗಿಯುತ್ತ, ರೊಬಸ್ಟಾ ಆರಂಭವಾಗುವ ಹೊತ್ತು. ಲೈನ್ ಮನೆಗಳು ವರ್ಷದಲ್ಲೇ ಅತಿ ಹೆಚ್ಚು ತುಂಬಿರುವ ವಾರಗಳವು. ಅಂದು ಮಕ್ಕಳಿಂದ ನಾಟಕ ಆಡಿಸುವುದಿದ್ದರೆ ಆಡಿಸಿ, ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಹಚ್ಚಿ. ತೋಟದ ಮಾಲೀಕರ ಒಪ್ಪಿಗೆ ಪಡೆದು, ಹಿರಿಯರೊಬ್ಬರ ಜೊತೆಗೆ, ಕೊರಳಲ್ಲಿ ಜಪಸರವಿರುವ ನಾಲ್ಕು ಮಕ್ಕಳು ಲೈನಿಗೆ ಹೋಗಲಿ. ಯಾರ ಧರ್ಮವನ್ನೂ ಕೇಳುವುದು ಬೇಡ. ಗುರುತಿಸುವವರು ತಾವಾಗಿಯೇ ಮಾತನಾಡಿಸುತ್ತಾರೆ. ಮಕ್ಕಳ ಆರೋಗ್ಯ, ಶಾಲೆ, ರೇಷನ್ನಿನ ತೊಂದರೆ ಏನೇ ಕೇಳಿಬಂದರೂ ಅದು ಯಾರ ಮನೆಯದೆಂದು ನೋಡದೆ ನೆರವಾಗಲಿ. ಅವರು ಚಹಾ ಕೊಟ್ಟರೆ ಬೇಡವೆನ್ನದೆ ಕುಡಿದು ಬರಲಿ. ಕೇಳಿಕೊಂಡು ಬರಬೇಕಾದ ಒಂದೇ ಪ್ರಶ್ನೆಯೆಂದರೆ, ವಾರದ ರಜೆ ಯಾವ ದಿನ ಎಂಬುದು. ಎಷ್ಟೋ ತೋಟಗಳಲ್ಲಿ ರಜೆ ಸಂತೆಯ ದಿನಕ್ಕೆ ಬೀಳುತ್ತದೆ. ಹಾಗಿದ್ದರೆ ಭಾನುವಾರ ಬೆಳಿಗ್ಗೆಯ ನಿಮ್ಮ ಬಲಿಪೂಜೆಗೆ ಅವರು ಎಂದಿಗೂ ಬರಲಾರರು. ಯಾವ ತೋಟಕ್ಕೆ ಯಾವ ದಿನ ರಜೆ, ಯಾವ ಲೈನಿನಲ್ಲಿ ಯಾವ ಮಾತು ಎಂಬ ಪಟ್ಟಿಯೊಂದು ಸಿದ್ಧವಾದರೆ, ಕೊಯ್ಲಿನ ತಿಂಗಳುಗಳಲ್ಲಾದರೂ ಸಂತೆಯ ಸಂಜೆ ಒಂದು ಪೂಜೆಯಿಡಿ ಎಂದು ನಿಮ್ಮ ಗುರುಗಳನ್ನು ಕೇಳಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ. ಆ ಪಟ್ಟಿಯನ್ನು ಬರೆಯುವ ಕೆಲಸವನ್ನು ಪ್ರಶ್ನೆ ಕೇಳಿದ ಆ ಹುಡುಗನಿಗೇ ಕೊಡಿ.